ಕೈಬಿಟ್ಟ ಸಾಕ್ಷಿ

ಪೆನ್ಸಿಲ್‌ನಲ್ಲಿ ಎಳೆದ ಒಂದು ಗೆರೆಯಿಂದ ಶುರು ಮಾಡ್ತೀನಿ.

2013ರ ಜೂನ್ ತಿಂಗಳು. ಗುಲ್ಬರ್ಗ ಅಧಿಕೃತವಾಗಿ ಕಲಬುರಗಿ ಆಗೋದಕ್ಕೆ ಇನ್ನೂ ವರ್ಷಕ್ಕಿಂತ ಹೆಚ್ಚು ಬಾಕಿ ಇತ್ತು. ಬೆಂಗಳೂರಿನಲ್ಲಿ ಐದು ವರ್ಷದ ಕಾನೂನು ಕೋರ್ಸ್ ಓದ್ತಿದ್ದ ನಾನು ರಜೆಯಲ್ಲಿ ಸರ್ಕಾರಿ ಅಭಿಯೋಜಕರೊಬ್ಬರ ಕಚೇರಿಯಲ್ಲಿ ಇಂಟರ್ನ್‌ಶಿಪ್‌ಗೆ ಸೇರಿದ್ದೆ. ಅಭಿಯೋಜಕರು ಅಂದರೆ ಪಬ್ಲಿಕ್ ಪ್ರಾಸಿಕ್ಯೂಟರ್. ಕೋರ್ಟಿನ ಆವರಣದಲ್ಲಿ ಎಲ್ಲರ ಬಾಯಲ್ಲೂ ಪಿಪಿ ಸಾಹೇಬ್ರು. ಐದನೇ ದಿನವೋ ಆರನೇ ದಿನವೋ ಅವರು ನನ್ನ ಮುಂದೆ ಒಂದು ದೋಷಾರೋಪ ಪಟ್ಟಿ ಇಟ್ಟು, "ಸಾಕ್ಷಿದಾರರ ಲಿಸ್ಟ್ ನೋಡು. ಯಾರ್‍ಯಾರು ಏನೇನು ಹೇಳ್ಯಾರ ಒಂದೊಂದು ಸಾಲಿನಾಗ ಬರಿ. ಯಾರು ಬೇಕು, ಯಾರು ಬ್ಯಾಡ, ಗುರ್ತು ಹಾಕು" ಅಂದರು.

ಕಮಲಾಪುರದ ಕಡೆಯ ಒಂದು ಹೊಡೆದಾಟದ ಕೇಸು. ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿ ಹೇಳ್ತಿದ್ದೀನಿ. ಹೊಲದ ಬದುವಿನ ಜಗಳ, ಒಬ್ಬನ ತಲೆಗೆ ಪೆಟ್ಟು, ಕೊಲೆ ಯತ್ನದ ಆರೋಪ. ಪಟ್ಟಿಯಲ್ಲಿ ಸಿಡಬ್ಲ್ಯು-2ರಿಂದ 6ರವರೆಗೆ ಎಲ್ಲರೂ ಪೆಟ್ಟು ತಿಂದವನ ಮನೆಯವರೇ. ಐವರ ಹೇಳಿಕೆಯೂ ಅಚ್ಚು ಒತ್ತಿದ ಹಾಗೆ ಒಂದೇ ತರ. ಸಿಡಬ್ಲ್ಯು-7 ಮಾತ್ರ ಬೇರೆ. ಬಾಳೆಹಣ್ಣಿನ ಗಾಡಿಯವನು, ಯಾರ ಕಡೆಯವನೂ ಅಲ್ಲ. ಎರಡೂ ಕಡೆಯವರ ಕೈಯಲ್ಲಿ ಬಡಿಗೆ ಇದ್ದವು, ಮೊದಲ ಏಟು ಫಿರ್ಯಾದಿ ಕಡೆಯಿಂದಲೇ ಬಿತ್ತು ಅಂತ ಪೊಲೀಸರ ಮುಂದೆ ಹೇಳಿದ್ದ. ನಾನು ಜಾಣತನ ತೋರಿಸಿದೆ. ಏಳನೇ ಹೆಸರಿನ ಮೇಲೆ ಗೆರೆ ಎಳೆದು ಪಕ್ಕದಲ್ಲಿ "ಕೈಬಿಡಬಹುದು" ಅಂತ ಬರೆದೆ.

ಸಾಹೇಬರು ಕನ್ನಡಕ ಏರಿಸಿ ನೋಡಿದರು. "ಏನವ್ವಾ, ಇವನ್ಯಾಕ ಹೊಡದಿ?"

"ಇವನು ನಮ್ಮ ಕೇಸಿಗೆ ಉಲ್ಟಾ ಹೇಳ್ತಾನೆ ಸರ್."

"ನಮ್ಮ ಕೇಸಾ? ನಮ್ಮ ಕೇಸಂದ್ರ ಯಾರ ಕೇಸು?"

ನನಗೆ ಉತ್ತರ ಹೊಳೀಲಿಲ್ಲ. ಅವರೂ ಉತ್ತರಕ್ಕೆ ಕಾಯಲಿಲ್ಲ. "ನಮ್ಮ ನಿಜಾಮ್ ಸೀಮಿದೇ ಒಂದು ಕೇಸ್ ಅದ. ಹಬೀಬ್ ಮೊಹಮ್ಮದ್ ಅಂತ. ಇವತ್ತು ರಾತ್ರಿ ಓದು, ನಾಳಿ ಮಾತಾಡಮು" ಅಂದು ಕೋಟು ಹಾಕಿಕೊಂಡು ಕೋರ್ಟ್ ಹಾಲಿಗೆ ಹೊರಟುಬಿಟ್ಟರು.

ನಾನು ಉಳಿದುಕೊಂಡಿದ್ದು ತಾಜಸುಲ್ತಾನಪುರದಲ್ಲಿ, ಸೋದರಮಾವನ ಮನೆಯಲ್ಲಿ. ಆ ಊರು ಗೊತ್ತಿಲ್ಲದವರಿಗೆ ಒಂದು ಮಾತು: ಕಲಬುರಗಿಯವರಿಗೆ ತಾಜಸುಲ್ತಾನಪುರ ಅಂದ ತಕ್ಷಣ ನೆನಪಾಗೋದು ಕೆಎಸ್‌ಆರ್‌ಪಿ, ರಾಜ್ಯ ಮೀಸಲು ಪೊಲೀಸ್ ಪಡೆಯ 6ನೇ ಪಡೆ. ಮಾಮ ಅದೇ ಪಡೆಯಲ್ಲಿ ದುಡಿದು ನಿವೃತ್ತರಾದವರು. ಬೆಳಿಗ್ಗೆ ಪರೇಡಿನ ಸದ್ದು ಕೇಳಿಸದಿದ್ದರೆ ಅವರಿಗೆ ಚಹಾ ರುಚಿಸುತ್ತಿರಲಿಲ್ಲ. ದಿನಾ ಬಸ್ಸು ಹಿಡಿದು ಸೂಪರ್ ಮಾರ್ಕೆಟ್‌ನಲ್ಲಿ ಇಳಿದು, ಅಲ್ಲಿಂದ ಟಂಟಂನಲ್ಲಿ ಕೋರ್ಟಿಗೆ ಹೋಗಿ, ಸಂಜೆ ಬೆವರಲ್ಲಿ ತೊಯ್ದು ವಾಪಸ್ ಬರುತ್ತಿದ್ದೆ. ಅತ್ತಿ ರೊಟ್ಟಿ, ಶೇಂಗಾ ಹಿಂಡಿ ಬಡಿಸುವಾಗ ಮಾಮ ಅವತ್ತಿನ ವರದಿ ಕೇಳುತ್ತಿದ್ದರು. ಆ ರಾತ್ರಿ ಪೆನ್ಸಿಲ್ ಗೆರೆಯ ಕತೆ ಹೇಳಿದೆ.

"ನೀ ಮಾಡಿದ್ದು ಖರೇನೇ ಅದ" ಅಂದರು ಮಾಮ. "ಪಿಪಿ ಅಂದ್ರ ಪೊಲೀಸರ ವಕೀಲ. ನಾವು ಹಿಡದು ಕೊಡೋದು, ಅವರು ಶಿಕ್ಷಾ ಕೊಡ್ಸೋದು. ತಾನೇ ತನ್ನ ಕೇಸು ಕೆಡಸ್ಕೊಂಡ್ರ ಹೆಂಗ?"

ಮಾಮನನ್ನು ಒಬ್ಬರನ್ನೇ ಯಾಕೆ ಅನ್ನಬೇಕು? ನಾನೂ ಹಾಗೇ ಅಂದುಕೊಂಡಿದ್ದೆ. ನೀವೂ ಬಹುಶಃ ಹಾಗೇ ಅಂದುಕೊಂಡಿರ್ತೀರಿ. ಸಿನಿಮಾದಲ್ಲಿ ಸರ್ಕಾರಿ ವಕೀಲ ಅಂದರೆ ಒಂದೋ ಹೀರೋನನ್ನು ಜೈಲಿಗೆ ಕಳಿಸಲು ಟೇಬಲ್ ಗುದ್ದುವವನು, ಇಲ್ಲವೇ ವಿಲನ್‌ನ ಕಾಸು ತಿಂದು ಸುಮ್ಮನೆ ಕೂತವನು. ಮೂರನೆಯ ನಮೂನೆ ತೆರೆಯ ಮೇಲೆ ಬರೋದೇ ಅಪರೂಪ. ಆದರೆ ಕಾನೂನು ಕೇಳೋದು ಆ ಮೂರನೆಯವನನ್ನೇ. ಅವನು ಈ ದೇಶದಲ್ಲಿ ಹೇಗೆ ಹುಟ್ಟಿದ ಅನ್ನೋ ಕತೆಯಲ್ಲಿ ನಮ್ಮ ಸೀಮೆಗೂ ಒಂದು ದೊಡ್ಡ ಪಾಲಿದೆ.

ಸ್ವಲ್ಪ ಹಿಂದಿನಿಂದಲೇ ನೋಡೋಣ. ಕಲಬುರಗಿ ಜಿಲ್ಲೆಯಲ್ಲಿ, ಶಹಾಬಾದಿನ ಹತ್ತಿರ ಮರತೂರು ಅಂತ ಒಂದು ಹಳ್ಳಿ. 'ಮಿತಾಕ್ಷರ' ಬರೆದ ವಿಜ್ಞಾನೇಶ್ವರ ಇಲ್ಲಿಯವನು ಅಂತ ನಮ್ಮ ಕಡೆಯವರು ಹೆಮ್ಮೆಯಿಂದ ಹೇಳ್ತಾರೆ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ ವ್ಯಾಖ್ಯಾನವನ್ನು ಬ್ರಿಟಿಷ್ ಕಾಲದ ಕೋರ್ಟುಗಳೂ ಹಿಂದೂ ಆಸ್ತಿಹಂಚಿಕೆಗೆ ಆಧಾರ ಮಾಡಿಕೊಂಡವು. ಅದಕ್ಕೇ ಇವತ್ತಿಗೂ ಆಸ್ತಿ ಕೇಸುಗಳಲ್ಲಿ ಅವನ ಗ್ರಂಥದ ಹೆಸರು ಕೇಳಿಬರುತ್ತದೆ. ಆದರೆ ಮಿತಾಕ್ಷರ ಬರೀ ಆಸ್ತಿಯ ಗ್ರಂಥ ಅಲ್ಲ. ಕಳ್ಳತನ, ಹೊಡೆದಾಟ, ಬೈಗುಳ ಎಲ್ಲಕ್ಕೂ ಅದರ ವ್ಯವಹಾರ ಭಾಗದಲ್ಲಿ ಜಾಗ ಇದೆ. ಅಲ್ಲಿನ ಮೂಲ ನಿಯಮ ಸರಳ: ಅನ್ಯಾಯಕ್ಕೆ ಒಳಗಾದವನು ತಾನೇ ಬಂದು ರಾಜನ ಮುಂದೆ ಹೇಳಿಕೊಂಡಾಗ ವ್ಯಾಜ್ಯ ಹುಟ್ಟುತ್ತದೆ. ರಾಜನಾಗಲಿ ಅವನ ಆಳಾಗಲಿ ತಾವಾಗಿಯೇ ವ್ಯಾಜ್ಯ ಎಬ್ಬಿಸಬಾರದು. ರಾಜನೇ ವಿಚಾರಿಸಬಹುದಾದ ಕೆಲವು ಅಪರಾಧಗಳು ಪ್ರತ್ಯೇಕವಾಗಿ ಇದ್ದವು ನಿಜ. ಆದರೂ ಇದರ ಹಿಂದಿನ ಎಚ್ಚರ ಗಮನಿಸಿ. ತೀರ್ಪು ಕೊಡುವ ಅಧಿಕಾರ ಇರುವವನ ಕೈಗೇ ಆರೋಪ ಹೊರಿಸುವ ಆಸೆಯನ್ನೂ ಕೊಟ್ಟರೆ ಪ್ರಜೆಗೆ ಉಳಿಗಾಲ ಇಲ್ಲ ಅನ್ನೋ ಭಯ ಅದು.

ಹೊಸ ಕಾಲದ ರಾಜ್ಯ ಈ ಸೂತ್ರವನ್ನು ತಿರುಗಿಸಿ ಹಾಕಿತು. ಒಬ್ಬನ ತಲೆ ಒಡೆದರೆ ಅದು ಅವನೊಬ್ಬನಿಗೆ ಆದ ಅನ್ಯಾಯ ಅಲ್ಲ, ಇಡೀ ರಾಜ್ಯದ ಶಾಂತಿಗೆ ಬಿದ್ದ ಏಟು. ಹಾಗಾಗಿ ಫಿರ್ಯಾದು ನಡೆಸುವುದು ಸರ್ಕಾರದ ಕೆಲಸ. ಬ್ರಿಟಿಷ್ ಇಂಡಿಯಾದಲ್ಲಿ 1861ರಲ್ಲಿ ಮೊದಲ ಕ್ರಿಮಿನಲ್ ಪ್ರೊಸೀಜರ್ ಕೋಡ್ ಬಂತು. ಆಮೇಲೆ 1872, 1882, 1898ರಲ್ಲಿ ಮತ್ತೆ ಮತ್ತೆ ಅದನ್ನು ಹೊಸದಾಗಿ ಬರೆದರು. ಪೆಟ್ಟು ತಿಂದವನು ಈ ಏರ್ಪಾಟಿನಲ್ಲಿ ವಾದಿ ಅಲ್ಲ, ಬರೀ ಸಾಕ್ಷಿ. ಕೇಸಿನ ತಲೆಬರಹದಲ್ಲೇ 'ಸರ್ಕಾರ ವಿರುದ್ಧ ಇಂಥವನು'. ಸರಿ, ಸರ್ಕಾರಕ್ಕೆ ಬಾಯಿ ಯಾರು? ಸೆಷನ್ಸ್ ಕೋರ್ಟಿನಲ್ಲಿ ಪಬ್ಲಿಕ್ ಪ್ರಾಸಿಕ್ಯೂಟರ್. ಕೆಳಗಿನ ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲಿ ದೇಶದ ಬಹಳ ಕಡೆ ಆ ಜಾಗದಲ್ಲಿ ನಿಲ್ಲುತ್ತಿದ್ದವನು ಪೊಲೀಸ್ ಅಧಿಕಾರಿಯೇ. ಮಾಮ ಹೇಳಿದ್ದು ಗಾಳಿಮಾತಲ್ಲ, ಹಳೇ ಕಾಲದ ಪಳೆಯುಳಿಕೆ.

ನಮ್ಮ ಸೀಮೆ ಆಗ ಬ್ರಿಟಿಷ್ ಇಂಡಿಯಾದಲ್ಲಿ ಇರಲೇ ಇಲ್ಲ. ಹೈದರಾಬಾದ್ ಸಂಸ್ಥಾನದ ನಾಲ್ಕು ಸುಭಾಗಳಲ್ಲಿ ಗುಲ್ಬರ್ಗವೂ ಒಂದು. ಮೇಲೆ ಒಬ್ಬ ಸುಬೇದಾರ. ಕೋರ್ಟಿನ ಭಾಷೆ ಉರ್ದು. ಅದರ ಗುರುತು ಇವತ್ತಿಗೂ ಹೋಗಿಲ್ಲ: ಫಿರ್ಯಾದಿ, ವಕಾಲತ್ತು, ಜಾಮೀನು, ಪಂಚನಾಮೆ, ಮುದ್ದೆಮಾಲು, ತಕರಾರು, ನಕಲು. ಬೆಂಗಳೂರಿನಲ್ಲಿ ಇಂಗ್ಲಿಷ್‌ನಲ್ಲಿ ಕಾನೂನು ಓದಿದ ನಾನು ಕೋರ್ಟಿನ ವರಾಂಡದಲ್ಲಿ ಈ ಪದಗಳನ್ನು ಹೊಸದಾಗಿ ಕಲೀಬೇಕಾಯ್ತು. ನಿಜಾಮರ ಆಡಳಿತ ಅಂದರೆ ಕತ್ತಲೆಯ ಕಾಲ ಅಂತ ಒಂದೇ ಗೆರೆಯಲ್ಲಿ ಹೇಳಿ ಮುಗಿಸೋರು ಇದ್ದಾರೆ. ಆದರೆ ನ್ಯಾಯಾಂಗವನ್ನು ಆಡಳಿತದಿಂದ ಬೇರ್ಪಡಿಸುವ ಫರ್ಮಾನು ಹೈದರಾಬಾದಿನಲ್ಲಿ ಹೊರಟಿದ್ದು 1921ರಲ್ಲಿ. ಬ್ರಿಟಿಷ್ ಇಂಡಿಯಾದಲ್ಲಿ ಆಗಿನ್ನೂ ಜಿಲ್ಲೆಯ ಕಲೆಕ್ಟರೇ ಮ್ಯಾಜಿಸ್ಟ್ರೇಟನೂ ಹೌದು. ಕಾಗದದ ಮೇಲೆ ಅಷ್ಟು ಮುಂದಿದ್ದ ಅದೇ ಸಂಸ್ಥಾನದಲ್ಲಿ 1947–48ರ ಹೊತ್ತಿಗೆ ರಜಾಕಾರರ ಹಾವಳಿ ಹಳ್ಳಿ ಹಳ್ಳಿಗೆ ಬೆಂಕಿ ಇಟ್ಟಿತು. ಇದೂ ನಿಜ, ಅದೂ ನಿಜ.

ಆ ಬೆಂಕಿಯ ಕಾಲದ್ದೇ ಹಬೀಬ್ ಮೊಹಮ್ಮದ್ ಕೇಸು.

ಹಬೀಬ್ ಮೊಹಮ್ಮದ್ ವಾರಂಗಲ್ ಸುಭಾದ ಸುಬೇದಾರರು. ನಮ್ಮ ಗುಲ್ಬರ್ಗದ ಸುಬೇದಾರರಿಗೆ ಸರಿಸಮಾನ ಹುದ್ದೆ. 1947ರ ಡಿಸೆಂಬರ್ 9ರಂದು ಗುರ್ತೂರು ಎಂಬ ಹಳ್ಳಿಗೆ ಪಡೆಯೊಂದಿಗೆ ಹೋಗಿ ಮನೆಗಳಿಗೆ ಬೆಂಕಿ ಇಡಿಸಿದರು, ಗುಂಡು ಹಾರಿಸಲು ಹುಕುಂ ಕೊಟ್ಟರು, ಜನ ಸತ್ತರು ಅನ್ನೋದು ಆರೋಪ. 1948ರ ಸೆಪ್ಟೆಂಬರ್‌ನಲ್ಲಿ ಪೊಲೀಸ್ ಕಾರ್ಯಾಚರಣೆ ಆಗಿ ಸಂಸ್ಥಾನ ಭಾರತಕ್ಕೆ ಸೇರಿತು. ಮಿಲಿಟರಿ ಗವರ್ನರ್ ಆಡಳಿತ ಬಂತು. ರಜಾಕಾರ ಕಾಲದ ಅಪರಾಧಗಳ ವಿಚಾರಣೆಗೆ 1358 ಫಸಲಿಯ ಒಂದು ವಿಶೇಷ ಕಾನೂನೂ ಬಂತು. 1949ರಲ್ಲಿ ಸುಬೇದಾರರ ಮೇಲೆ ಕೇಸು ದಾಖಲಾಯ್ತು. ವಿಶೇಷ ನ್ಯಾಯಾಲಯ ಮರಣದಂಡನೆ ಕೊಟ್ಟಿತು. ಹೈದರಾಬಾದ್ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳ ನಡುವೆಯೇ ಅಭಿಪ್ರಾಯ ಒಡೆದು, ಮೂರನೆಯ ನ್ಯಾಯಮೂರ್ತಿಯ ಅಭಿಪ್ರಾಯದ ಮೇಲೆ ಶಿಕ್ಷೆ ಉಳಿಯಿತು. ಕೇಸು ಸುಪ್ರೀಂ ಕೋರ್ಟಿಗೆ ಹೋಯ್ತು.

ಒಂದು ಕ್ಷಣ ಆ ಕಾಲದ ಗಾಳಿಯನ್ನು ಊಹಿಸಿಕೊಳ್ಳಿ. ಸುಟ್ಟ ಮನೆಗಳ ಬೂದಿ ಇನ್ನೂ ಆರಿಲ್ಲ. ಹಳೇ ದೊರೆತನದ ಒಬ್ಬ ದೊಡ್ಡ ಅಧಿಕಾರಿ ಕಟಕಟೆಯಲ್ಲಿ ನಿಂತಿದ್ದಾನೆ. ಅವನ ಪರ ಮಾತಾಡೋಕೆ ಹೊರಗೆ ಯಾರಿಗೂ ಮನಸ್ಸಿಲ್ಲ. ಇಂಥ ಕೇಸಿನಲ್ಲಿ ಸರ್ಕಾರಿ ವಕೀಲನ ಕೆಲಸ ಸಲೀಸು, ಅಲ್ವಾ? ಜನ, ಪತ್ರಿಕೆ, ಸರ್ಕಾರ ಎಲ್ಲಾ ಅವನ ಕಡೆಗೇ.

ಆದರೆ ಸಾಕ್ಷಿಗಳ ಪಟ್ಟಿಯಲ್ಲಿ ಒಂದು ತೂತು ಇತ್ತು. ಘಟನೆಯ ಜಾಗದಲ್ಲಿ ಬಿಯಾಬಾನಿ ಅನ್ನೋ ಒಬ್ಬ ಹಿರಿಯ ಪೊಲೀಸ್ ಅಧಿಕಾರಿ ಇದ್ದರು. ಹುಕುಂ ಕೊಟ್ಟವರು ಯಾರು, ಯಾವ ಪರಿಸ್ಥಿತಿಯಲ್ಲಿ ಗುಂಡು ಹಾರಿತು ಅನ್ನೋದನ್ನು ಕಣ್ಣಾರೆ ಕಂಡು ಹೇಳಬಲ್ಲವರು. ಅವರನ್ನು ಅಭಿಯೋಜನೆ ಸಾಕ್ಷಿ ಕಟ್ಟೆಗೆ ಕರೆಯಲೇ ಇಲ್ಲ. ಅವರು ಸುಳ್ಳು ಹೇಳ್ತಾರೆ ಅನ್ನೋ ಆರೋಪವೂ ಇರಲಿಲ್ಲ. ಸುಮ್ಮನೆ ಕೈಬಿಟ್ಟಿದ್ದರು. ಯಾರೋ ಒಬ್ಬರು ಒಂದು ಪಟ್ಟಿ ಮುಂದಿಟ್ಟುಕೊಂಡು ಗೆರೆ ಎಳೆದಿರಬೇಕು, ನನ್ನ ಹಾಗೆ.

ವಿಶೇಷ ನ್ಯಾಯಾಲಯದ ಕಾನೂನೇ ಸಂವಿಧಾನಬಾಹಿರ ಅನ್ನೋ ಸುಬೇದಾರರ ವಾದವನ್ನು ಸುಪ್ರೀಂ ಕೋರ್ಟ್ 1953ರ ಮಾರ್ಚ್‌ನಲ್ಲಿ ತಳ್ಳಿಹಾಕಿತ್ತು. ಅದೇ ಕೋರ್ಟು, ಅದೇ ವರ್ಷದ ಅಕ್ಟೋಬರ್‌ನಲ್ಲಿ, ಈ ಕೈಬಿಟ್ಟ ಸಾಕ್ಷಿಯ ಕಾರಣಕ್ಕೆ ಶಿಕ್ಷೆಯನ್ನೇ ರದ್ದು ಮಾಡಿತು. ಇಂಥ ಮುಖ್ಯ ಸಾಕ್ಷಿಯನ್ನು ಹಾಜರುಪಡಿಸುವುದು ಅಭಿಯೋಜನೆಯ ಬದ್ಧ ಕರ್ತವ್ಯ. ಹಾಜರುಪಡಿಸದೆ ಇದ್ದರೆ ಆ ಸಾಕ್ಷಿ ಬಂದಿದ್ದರೆ ನಿಮಗೆ ವಿರುದ್ಧವಾಗಿಯೇ ಹೇಳುತ್ತಿದ್ದ ಅಂತ ಕೋರ್ಟು ಊಹಿಸಬಹುದು. ಅದಕ್ಕಿಂತ ಮುಖ್ಯವಾಗಿ, ಆರೋಪಿಗೆ ನ್ಯಾಯವಾದ ವಿಚಾರಣೆ ಸಿಕ್ಕಿಲ್ಲ. ತೀರ್ಪಿನ ತಿರುಳು ಇಷ್ಟು. ಹಾಗಂತ ಕಂಡವರನ್ನೆಲ್ಲ ಕರೆಯಬೇಕು ಅಂತಲೂ ಕೋರ್ಟು ಹೇಳಲಿಲ್ಲ. ಹತ್ತು ಜನ ಹೇಳೋದನ್ನೇ ಹನ್ನೊಂದನೆಯವನೂ ಹೇಳೋದಾದರೆ ಬಿಡಬಹುದು. ಕತೆಯ ಗಂಟು ಬಿಚ್ಚುವವನನ್ನು, ಅವನು ಯಾರ ಪರವಾಗಿ ಬಿಚ್ಚಿದರೂ ಸರಿ, ಬಚ್ಚಿಡುವ ಹಾಗಿಲ್ಲ.

ಈ ತೀರ್ಪಿನಲ್ಲಿ ಕಲ್ಕತ್ತಾ ಹೈಕೋರ್ಟಿನ 1914ರ ಒಂದು ಹಳೇ ತೀರ್ಪಿನ ನೆನಪೂ ಬರುತ್ತದೆ. ಮುಖ್ಯ ನ್ಯಾಯಮೂರ್ತಿ ಜೆಂಕಿನ್ಸ್ ಅಲ್ಲಿ ಹೇಳಿದ್ದರು: ವಿಚಾರಣೆ ಇರೋದು ಒಂದು ಊಹೆಯನ್ನು ಹೇಗಾದರೂ ಮಾಡಿ ಗೆಲ್ಲಿಸೋಕಲ್ಲ, ಪಬ್ಲಿಕ್ ಪ್ರಾಸಿಕ್ಯೂಟರ್ ಪ್ರತಿನಿಧಿಸೋದು ಪೊಲೀಸರನ್ನಲ್ಲ, ದೊರೆತನವನ್ನು, ಅದನ್ನು ಅವನು ನ್ಯಾಯವಾಗಿ, ನಿರ್ಭಯವಾಗಿ ಮಾಡಬೇಕು. 1914ರಲ್ಲಿ ದೊರೆತನ ಅಂದರೆ ಲಂಡನ್ನಿನ ಕಿರೀಟ. 1953ರ ಹೊತ್ತಿಗೆ ಆ ಜಾಗಕ್ಕೆ ಬಂದವರು ನಾವು ನೀವು. ಮಾಮನ ಮಾತಿಗೆ ಉತ್ತರ ನೂರು ವರ್ಷದ ಹಿಂದೆಯೇ ಸಿಕ್ಕಿತ್ತು.

ಮಾಮನಿಗೆ ಅದನ್ನು ಓದಿ ಹೇಳಿದೆ. ತಟ್ಟೆಯಲ್ಲಿ ಕೈ ಹಾಗೇ ನಿಂತಿತು. "ಅಂದ್ರ ಊರಿಗೂರು ಸುಟ್ಟ ಅಂದವ ಬಿಟ್ಟುಹೋದನಾ?"

ಈ ಪ್ರಶ್ನೆಯನ್ನು ನಾನು ಹಗುರ ಮಾಡಲಾರೆ. ಗುರ್ತೂರಿನಲ್ಲಿ ಸತ್ತವರು ಸತ್ತರು. ಅವರ ಮನೆಯವರಿಗೆ ಆ ತೀರ್ಪು ಹೇಗೆ ಕೇಳಿಸಿರಬಹುದು? ಆದರೆ ಅವರಿಗೆ ಅನ್ಯಾಯ ಮಾಡಿದ್ದು ಯಾರು? ಕೋರ್ಟಾ? ಇಲ್ಲಾ, ಮುಖ್ಯ ಸಾಕ್ಷಿಯನ್ನು ಕರೆಯದೆ ಬಿಟ್ಟು ಕೇಸಿನ ಬುಡಕ್ಕೇ ಗೆದ್ದಲು ಬಿಟ್ಟವರಾ? ಬಿಯಾಬಾನಿ ಬಂದು ಹೌದು ಅಂದಿದ್ದರೆ ಶಿಕ್ಷೆ ಗಟ್ಟಿಯಾಗುತ್ತಿತ್ತು. ಅಲ್ಲ ಅಂದಿದ್ದರೆ ತಪ್ಪು ಮನುಷ್ಯನ ಕೊರಳಿಗೆ ಹಗ್ಗ ಬೀಳೋದು ತಪ್ಪುತ್ತಿತ್ತು. ಕರೆಯದೆ ಬಿಟ್ಟಿದ್ದರಿಂದ ಎರಡೂ ಆಗಲಿಲ್ಲ, ಸತ್ಯ ಏನು ಅಂತಲೂ ಗೊತ್ತಾಗಲಿಲ್ಲ.

ತತ್ವ ಸಿಕ್ಕಿದ ಮಾತ್ರಕ್ಕೆ ವ್ಯವಸ್ಥೆ ಬದಲಾಗೋದಿಲ್ಲ. 1956ರ ನವೆಂಬರ್ 1ರಂದು ಗುಲ್ಬರ್ಗ, ರಾಯಚೂರು, ಬೀದರ್ ಮೈಸೂರು ರಾಜ್ಯಕ್ಕೆ ಸೇರಿದವು. ಎರಡು ವರ್ಷದ ನಂತರ ಕಾನೂನು ಆಯೋಗ ತನ್ನ 14ನೇ ವರದಿಯಲ್ಲಿ ಅಭಿಯೋಜನೆಯನ್ನು ಪೊಲೀಸ್ ಇಲಾಖೆಯಿಂದ ಬೇರೆ ಮಾಡಿ ಅಂತ ಶಿಫಾರಸು ಮಾಡಿತು. ಕಾರಣ ಸರಳ. ತಾನೇ ಹಿಡಿದು ತಾನೇ ತನಿಖೆ ಮಾಡಿದ ಇಲಾಖೆಗೆ ತನ್ನ ಕೇಸಿನ ತೂತು ಕಾಣೋದು ಕಷ್ಟ. ಅದು ಕಾನೂನಾಗಿದ್ದು 1973ರ ಸಂಹಿತೆಯಲ್ಲಿ. ಜಾರಿಗೆ ಬಂದಿದ್ದು 1974ರ ಏಪ್ರಿಲ್ 1ರಿಂದ. ಮ್ಯಾಜಿಸ್ಟ್ರೇಟ್ ಕೋರ್ಟಿನ ಸಹಾಯಕ ಅಭಿಯೋಜಕರ ಹುದ್ದೆಗೆ ಪೊಲೀಸ್ ಅಧಿಕಾರಿಯನ್ನು ನೇಮಿಸುವಂತಿಲ್ಲ. ಬೇರೆ ಯಾರೂ ಸಿಗದ ಪಕ್ಷದಲ್ಲಿ ನಿಲ್ಲಿಸಿದರೂ, ಆ ಕೇಸಿನ ತನಿಖೆಯಲ್ಲಿ ಅವನು ಕೈ ಹಾಕಿರಬಾರದು. 2005ರ ತಿದ್ದುಪಡಿಯಲ್ಲಿ ಅಭಿಯೋಜನಾ ನಿರ್ದೇಶನಾಲಯದ ಕಲ್ಪನೆ ಸೇರಿತು. ನಮ್ಮ ರಾಜ್ಯದಲ್ಲಿ ಇದಕ್ಕೆಂದೇ ಅಭಿಯೋಜನೆ ಮತ್ತು ಸರ್ಕಾರಿ ವ್ಯಾಜ್ಯಗಳ ಇಲಾಖೆ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಈ ಏರ್ಪಾಟು ಮುಂದುವರಿದಿದೆ.

ಪೊಲೀಸರಿಂದ ಬಿಡಿಸಿಕೊಂಡರೆ ಆಯ್ತಾ? ಇಲ್ಲ. ಸಂಬಳ ಕೊಡುವ ಸರ್ಕಾರದಿಂದಲೂ ಒಂದು ಅಂತರ ಬೇಕು. ಇದು ಕರ್ನಾಟಕಕ್ಕೆ ಅರ್ಥವಾಗಿದ್ದು 2000ನೇ ಇಸವಿಯಲ್ಲಿ. ನಾನಾಗ ಮೂರನೇ ಕ್ಲಾಸು. ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದ ವೀರಪ್ಪನ್ ಡಾ. ರಾಜ್‌ಕುಮಾರ್ ಅವರನ್ನು ಎತ್ತಿಕೊಂಡು ಹೋದ. 108 ದಿನ ಇಡೀ ರಾಜ್ಯ ಉಸಿರು ಬಿಗಿಹಿಡಿದು ಕೂತಿತ್ತು. ವೀರಪ್ಪನ್ ಇಟ್ಟ ಬೇಡಿಕೆಗಳಲ್ಲಿ ಒಂದು, ಮೈಸೂರಿನಲ್ಲಿ ಟಾಡಾ ಕೇಸಿನಲ್ಲಿ ಬಂಧಿಯಾಗಿದ್ದವರ ಬಿಡುಗಡೆ. ಸರ್ಕಾರ ಒಪ್ಪಿತು. ವಿಶೇಷ ಅಭಿಯೋಜಕರು ಟಾಡಾ ಆರೋಪ ಹಿಂತೆಗೆದುಕೊಳ್ಳಲು ಅರ್ಜಿ ಹಾಕಿದರು. ಮೈಸೂರಿನ ಕೋರ್ಟು ಒಪ್ಪಿಗೆ ಕೊಟ್ಟಿತು.

ಅದನ್ನು ತಡೆದಿದ್ದು ಒಬ್ಬ ವಯಸ್ಸಾದ ತಂದೆ. ವೀರಪ್ಪನ್ ತಂಡ 1992ರಲ್ಲಿ ಕೊಂದ ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಅವರ ತಂದೆ ಅಬ್ದುಲ್ ಕರೀಂ. ಇಡೀ ರಾಜ್ಯ ಅಣ್ಣಾವ್ರು ಒಮ್ಮೆ ಬಂದರೆ ಸಾಕು ಅಂತಿದ್ದಾಗ ಅವರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಮೈಸೂರಿನ ಆದೇಶ ರದ್ದು ಮಾಡಿತು. ಕೇಸು ಹಿಂದಕ್ಕೆ ಪಡೆಯೋ ತೀರ್ಮಾನ ಅಭಿಯೋಜಕರ ಸ್ವಂತ ಬುದ್ಧಿಯಿಂದ ಬರಬೇಕು. ಸರ್ಕಾರ ಹೇಳಿತು ಅಂತ ಸಹಿ ಹಾಕಿದರೆ ಅದು ತೀರ್ಮಾನವೇ ಅಲ್ಲ ಅನ್ನೋದು ಅದರ ಸಾರ. ಅದಾದ ಎಂಟನೇ ದಿನಕ್ಕೆ, ನವೆಂಬರ್ 15ರಂದು, ರಾಜ್‌ಕುಮಾರ್ ಬಿಡುಗಡೆಯಾಗಿ ಬಂದರು.

ಕತೆಗೆ ಇನ್ನೊಂದು ಮಗ್ಗುಲಿದೆ. ಮರುವರ್ಷ, 2001ರಲ್ಲಿ, ಮೈಸೂರಿನ ಟಾಡಾ ಕೋರ್ಟು ತೀರ್ಪು ಕೊಟ್ಟಾಗ ಆ ಕೇಸುಗಳ ಆರೋಪಿಗಳಲ್ಲಿ ಬಹುಪಾಲು ಮಂದಿ ಖುಲಾಸೆಯಾದರು. ವರ್ಷಗಟ್ಟಲೆ ಜೈಲಿನಲ್ಲಿ ಕೊಳೆತ ಮೇಲೆ. ಅಂದರೆ ಯಾರಾದರೂ ಒಬ್ಬ ಅಭಿಯೋಜಕರು ಮೊದಲೇ ಕೂತು ಪ್ರತಿಯೊಬ್ಬನ ವಿರುದ್ಧದ ಸಾಕ್ಷ್ಯವನ್ನು ತಮ್ಮ ಸ್ವಂತ ಕಣ್ಣಿನಿಂದ ನೋಡಿದ್ದರೆ, ಅವರಲ್ಲಿ ಎಷ್ಟೋ ಮಂದಿ ಯಾವ ಅಪಹರಣದ ಹಂಗೂ ಇಲ್ಲದೆ ಮನೆಗೆ ಹೋಗಬಹುದಿತ್ತೇನೋ. ಪೊಲೀಸರು ಹೇಳಿದರು ಅಂತ ಒಳಗೆ ಹಾಕೋದು, ಸರ್ಕಾರ ಹೇಳಿತು ಅಂತ ಹೊರಗೆ ಬಿಡೋದು, ಎರಡೂ ಒಂದೇ ರೋಗ. ಈಗಿನ ಹೊಸ ಸಂಹಿತೆಯ 360ನೇ ಕಲಮಿನಲ್ಲಿ, ಕೇಸು ಹಿಂಪಡೆಯೋ ಮೊದಲು ನೊಂದವರ ಮಾತನ್ನೂ ಕೋರ್ಟು ಕೇಳಬೇಕು ಅಂತ ಬರೆದಿದ್ದಾರೆ. ಅದನ್ನು ಓದಿದಾಗೆಲ್ಲ ನನಗೆ ಆ ತಂದೆ ನೆನಪಾಗ್ತಾರೆ.

ಕಮಲಾಪುರದ ಕೇಸಿಗೆ ವಾಪಸ್ ಬರ್ತೀನಿ. ಮರುದಿನ ಕಚೇರಿಗೆ ಹೋದವಳೇ ರಬ್ಬರ್ ತಗೊಂಡು ಗೆರೆ ಅಳಿಸಿದೆ. ಸಾಹೇಬರು ನೋಡಿದರು, ನಕ್ಕರು, ಏನೂ ಅನ್ನಲಿಲ್ಲ. ಎರಡು ವಾರದ ನಂತರ ಸಿಡಬ್ಲ್ಯು-7 ಕೋರ್ಟಿಗೆ ಬಂದ. ಬಿಳಿ ಟೋಪಿ, ಹೆಗಲ ಮೇಲೆ ಟವೆಲ್. ಹೊರಗೆ ಮಿರಗದ ಮಳೆ ಹನಿಯುತ್ತಿತ್ತು. ಅವತ್ತಿನ ವ್ಯಾಪಾರ ಹೋಯ್ತಲ್ಲ ಅಂತ ಅವನ ಮುಖದಲ್ಲಿ ಎದ್ದು ಕಾಣುತ್ತಿತ್ತು. ಎರಡೂ ಕಡೆ ಬಡಿಗೆ ಇದ್ದದ್ದನ್ನು ಹೇಳಿದ. ಮೊದಲ ಏಟು ಯಾರದ್ದು ಅಂತಲೂ ಹೇಳಿದ. ಆಮೇಲೆ ಯಾರೂ ನಿರೀಕ್ಷಿಸದ ಇನ್ನೊಂದು ಮಾತು ಹೇಳಿದ: ಫಿರ್ಯಾದಿ ಕೆಳಗೆ ಬಿದ್ದ ಮೇಲೂ ಆರೋಪಿಗಳಲ್ಲಿ ಒಬ್ಬ ಬಿಡದೆ ಹೊಡೆದ, ಇನ್ನೊಬ್ಬ ಅವನನ್ನು ಹಿಡಿದು ಎಳೆದ. ಪೊಲೀಸ್ ಹೇಳಿಕೆಯಲ್ಲಿ ಈ ವಿವರ ಇರಲಿಲ್ಲ. ಮನೆಯವರ ಐದು ಹೇಳಿಕೆಗಳಲ್ಲಿ ಇಬ್ಬರೂ ಸಮಸಮ ಹೊಡೆದವರೇ. ಹೊಸ ಮಾತು ಅಂತ ಆರೋಪಿ ಪರ ವಕೀಲರು ಪಾಟೀಸವಾಲಿನಲ್ಲಿ ಅವನನ್ನು ಚೆನ್ನಾಗಿಯೇ ಜಾಲಾಡಿದರು. "ಅವರು ಕೇಳಲಿಲ್ರೀ, ನಾ ಹೇಳಲಿಲ್ಲ. ನೀವು ಕೇಳ್ದ್ರಿ, ಹೇಳ್ದೆ" ಅಂದ ಅವನು.

ನನ್ನ ಇಂಟರ್ನ್‌ಶಿಪ್ ತೀರ್ಪಿಗೆ ಮೊದಲೇ ಮುಗೀತು. ಬಾರ್ ಕೌನ್ಸಿಲ್ ನಿಯಮದ ಪ್ರಕಾರ ಐದು ವರ್ಷದ ಕೋರ್ಸಿನವರಿಗೆ ಒಟ್ಟು 20 ವಾರ ಇಂಟರ್ನ್‌ಶಿಪ್ ಕಡ್ಡಾಯ, ಆದರೆ ವರ್ಷಕ್ಕೆ ಸತತ ನಾಲ್ಕು ವಾರಕ್ಕಿಂತ ಹೆಚ್ಚು ಇಲ್ಲ. ವಿಚಾರಣೆಗಳು ನಾಲ್ಕು ವಾರದಲ್ಲಿ ಮುಗಿಯೋದಿಲ್ಲ. ಕೆಲವು ತಿಂಗಳ ನಂತರ ಕಚೇರಿಯ ಗುಮಾಸ್ತರು ಫೋನಿನಲ್ಲಿ ಹೇಳಿದರು: ಕೊಲೆ ಯತ್ನದ ಆರೋಪ ನಿಲ್ಲಲಿಲ್ಲ, ಕೆಳಗೆ ಬಿದ್ದವನನ್ನು ಹೊಡೆದವನಿಗೆ ಗಾಯಪಡಿಸಿದ್ದಕ್ಕೆ ಶಿಕ್ಷೆ ಆಯ್ತು, ಹಿಡಿದು ಎಳೆದವನು ಖುಲಾಸೆ. ಎರಡೂ ಕಡೆಯವರಿಗೂ ಸಮಾಧಾನ ಇಲ್ಲವಂತೆ. ನಾನು ಎಳೆದ ಗೆರೆ ಉಳಿದಿದ್ದರೆ ಏನಾಗುತ್ತಿತ್ತು ಅಂತ ಆ ರಾತ್ರಿ ತುಂಬಾ ಹೊತ್ತು ಯೋಚಿಸಿದೆ. ಜಗಳ ಬಿಡಿಸಲು ಹೋದವನು ಬಹುಶಃ ಜೈಲಿನಲ್ಲಿ ಇರುತ್ತಿದ್ದ. ಅಥವಾ ತಪ್ಪು ಮಾಡಿದವನೂ ಸೇರಿ ಇಬ್ಬರೂ ಬಿಟ್ಟುಹೋಗುತ್ತಿದ್ದರು.

ನಾನು ಕೊನೆಗೆ ಅಭಿಯೋಜಕಿ ಆಗಲಿಲ್ಲ. ಈಗ ಬೆಂಗಳೂರಿನ ಔಟರ್ ರಿಂಗ್ ರೋಡಿನ ಒಂದು ಕಂಪನಿಯಲ್ಲಿ ಕಾಂಪ್ಲಯನ್ಸ್ ಕೆಲಸ. ಇಲ್ಲಿಯೂ ಪಟ್ಟಿಗಳಿವೆ, ಸ್ಲೈಡುಗಳಿವೆ. ಮೀಟಿಂಗಿಗೆ ಮುಂಚೆ ಯಾರೋ ಒಬ್ಬರು "ಈ ನಂಬರ್ ಬೇಡ ಬಿಡಿ, ನಮ್ಮ ಕತೆಗೆ ಉಲ್ಟಾ ಹೊಡೆಯುತ್ತೆ" ಅಂತಾರೆ. ನಿಮ್ಮ ಆಫೀಸಿನಲ್ಲೂ ಅಂದಿರ್ತಾರೆ. ಇಲ್ಲಿ ಯಾರ ಕೊರಳಿಗೂ ಹಗ್ಗ ಬೀಳೋದಿಲ್ಲ, ಅಷ್ಟೇ ಸಮಾಧಾನ. ಆದರೂ ಆ ಮಾತು ಕಿವಿಗೆ ಬಿದ್ದಾಗ, ಕನ್ನಡಕ ಏರಿಸಿ "ನಮ್ಮದಂದ್ರ ಯಾರದು?" ಅಂತ ಕೇಳುವ ಒಂದು ದನಿ ಕೇಳಿಸುತ್ತದೆ. ಕೆಲವು ಸಲ ಬಾಯಿ ಬಿಟ್ಟು ಕೇಳ್ತೀನಿ, ಕೆಲವು ಸಲ ಧೈರ್ಯ ಸಾಲೋದಿಲ್ಲ.

ಆ ವರ್ಷ ಇಂಟರ್ನ್‌ಶಿಪ್ ಡೈರಿಯ ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಡೈರಿ ತಿರುವಿಹಾಕಿ ಕೇಳಿದ ಮೊದಲ ಪ್ರಶ್ನೆ: "ನೀವಿದ್ದಾಗ ನಿಮ್ಮ ಪಿಪಿ ಎಷ್ಟು ಕೇಸು ಗೆದ್ದರು?"

ನಾನು ಲೆಕ್ಕ ಇಟ್ಟಿರಲಿಲ್ಲ. ಎಷ್ಟು ಸಾಕ್ಷಿಗಳನ್ನು ಕರೆದರು ಅಂತ ಬೇಕಾದರೆ ಹೇಳಬಲ್ಲೆ ಅಂದೆ.